ಹಳೇ ರ‍್ಯಾಚೆಟ್, ಹೊಸ ಮಾಲೀಕರು

ಅಮೆರಿಕಕ್ಕೆ ಬಂದ ಮೇಲೆ ಕಾರಿನ ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳುವುದು ರೂಢಿಯಾಯಿತು. ಇಲ್ಲಿ ಮೆಕ್ಯಾನಿಕ್ ಕೂಲಿ ಅಷ್ಟು ಜಾಸ್ತಿ. ಪಕ್ಕದ ಬೀದಿಯ ಅಜ್ಜರೊಬ್ಬರು ಮನೆ ಖಾಲಿ ಮಾಡುವಾಗ ಅವರ ಟೂಲ್ ಬಾಕ್ಸ್ ಕೊಂಡೆ. ಅದರಲ್ಲೊಂದು ರ‍್ಯಾಚೆಟ್ ಇತ್ತು. ಒಳಗೆ ಹಲ್ಲಿನ ಚಕ್ರ ಇರುವ, ಬೋಲ್ಟ್ ಬಿಚ್ಚುವ ಪಾನ ಅದು. ಕೈಯಲ್ಲಿ ಹಿಡಿದರೆ ಏನು ತೂಕ! ಹಿಡಿಯ ಮೇಲಿನ ಅಕ್ಷರಗಳು ಅವರ ಹೆಬ್ಬೆರಳಿಗೆ ಸವೆದು ಅರ್ಧ ಅಳಿಸಿಹೋಗಿದ್ದವು. ‘ಕೆಟ್ಟರೆ ಅಂಗಡಿಗೆ ತಗೊಂಡು ಹೋಗಪ್ಪ, ಹೊಸದು ಕೊಡ್ತಾರೆ. ಲೈಫ್‌ಟೈಮ್ ವಾರಂಟಿ’ ಎಂದರು.

ಕಳೆದ ಚಳಿಗಾಲ ಬ್ರೇಕ್ ಪ್ಯಾಡ್ ಬದಲಿಸುವಾಗ ಅದು ಜಾರತೊಡಗಿತು. ಜೋರು ಹಾಕಿದರೆ ಕಟಕ್ ಅಂತ ಹಲ್ಲು ತಪ್ಪುತ್ತದೆ, ಬೆರಳಿನ ಗೆಣ್ಣು ಹೋಗಿ ಕಬ್ಬಿಣಕ್ಕೆ ಬಡಿಯುತ್ತದೆ. ಅಂಗಡಿಗೆ ಒಯ್ದೆ. ಆ ಬ್ರ್ಯಾಂಡ್ ಈಗ ಬೇರೆಯವರ ಕೈಗೆ ಹೋಗಿದೆಯಂತೆ. ಕೌಂಟರಿನ ಹುಡುಗ ಕಂಪ್ಯೂಟರ್ ನೋಡಿ, ಈ ಮಾಡೆಲ್ ನಮ್ಮ ಪಟ್ಟಿಯಲ್ಲಿಲ್ಲ, ಬಿಲ್ ಇದೆಯಾ ಎಂದು ಕೇಳಿದ. ಅಜ್ಜ ಯಾವ ಕಾಲದಲ್ಲೋ ಕೊಂಡದ್ದಕ್ಕೆ ನನ್ನ ಹತ್ತಿರ ಬಿಲ್ ಎಲ್ಲಿಂದ ಬರಬೇಕು?

ಹಾಗಂತ ಎಲ್ಲ ಕಡೆ ಹೀಗೇ ಆಗುವುದಿಲ್ಲ. ಕ್ರಾಫ್ಟ್ಸ್‌ಮನ್ ಎಂಬ ಟೂಲ್ ಬ್ರ್ಯಾಂಡಿನ ಹೆಸರು 1927ರಿಂದ ಸಿಯರ್ಸ್ ಎಂಬ ದೊಡ್ಡ ಅಂಗಡಿ ಸರಣಿಯವರದ್ದಾಗಿತ್ತು. ಮುರಿದ ಪಾನ ಕೊಟ್ಟು ಹೊಸದು ತರುವುದು ಇಲ್ಲಿಯವರಿಗೆ ಮಾಮೂಲಾಗಿತ್ತು. 2017ರಲ್ಲಿ ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ಆ ಬ್ರ್ಯಾಂಡನ್ನು ಸುಮಾರು 90 ಕೋಟಿ ಡಾಲರಿಗೆ ಕೊಂಡಿತು. ಮರುವರ್ಷ ಅಕ್ಟೋಬರಿನಲ್ಲಿ ಸಿಯರ್ಸ್ ದಿವಾಳಿ ಅರ್ಜಿ ಹಾಕಿತು. ಹಳೇ ಮಾಲೀಕರು ಮುಳುಗಿದರೂ ಕೈ ಟೂಲುಗಳ ವಾರಂಟಿಯನ್ನು ಹೊಸಬರು ಮುಂದುವರಿಸಿದರು.

ಬ್ರ್ಯಾಂಡ್ ಕೊಂಡವರ ತಲೆಗೆ ಹಳೇ ವಾರಂಟಿ ತಾನಾಗಿ ಬರಲೇಬೇಕು ಅಂತೇನಿಲ್ಲ. ಮಾರಾಟದ ಕರಾರಿನಲ್ಲಿ ಏನು ಬರೆದುಕೊಂಡಿದ್ದಾರೆ ಎಂಬುದು ಮುಖ್ಯ. ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಲ್ವಾ? ಲೈಫ್‌ಟೈಮ್ ಅಂತ ಜಾಹೀರಾತು ಕೊಡುವವರು ಅದು ಯಾರ ಆಯುಸ್ಸು ಎಂದು ತಿಳಿಸಬೇಕೆಂದು ಗ್ರಾಹಕರ ಹಿತ ನೋಡುವ ಇಲ್ಲಿಯ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಹೇಳುತ್ತದೆ. ಕೊಂಡವರದೋ, ಟೂಲಿನದೋ? ‘ಲಿಮಿಟೆಡ್’ ಎಂದು ಇದ್ದರೆ ಇನ್ನೂ ಹುಷಾರಾಗಿ ಓದಬೇಕು. ಮೊದಲು ಕೊಂಡವರಿಗೆ ಮಾತ್ರ ಎಂಬ ಷರತ್ತು ಒಳಗೆಲ್ಲೋ ಇರಬಹುದು. ನನ್ನಂತೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಲ್ಲೇ ಸಿಕ್ಕಿಕೊಳ್ಳುತ್ತಾರೆ.

ನನಗೆ ಬೇಜಾರಾದದ್ದು ರ‍್ಯಾಚೆಟ್ ಸಿಗಲಿಲ್ಲ ಅಂತಲ್ಲ. ಆ ಹೆಸರಿಗೆ ಬೆಲೆ ಬಂದದ್ದೇ ಅಜ್ಜನಂಥವರು ಅದರ ಮಾತನ್ನು ನಂಬಿದ್ದರಿಂದ. ಹೆಸರನ್ನು ದುಡ್ಡು ಕೊಟ್ಟು ಕೊಂಡವರು ಆ ಮಾತನ್ನೂ ಉಳಿಸಿಕೊಳ್ಳಬೇಕಿತ್ತು.

ಮನೆಗೆ ಬಂದು ಹಿಂದಿನ ಎರಡು ಸ್ಕ್ರೂ ಬಿಚ್ಚಿದೆ. ಒಳಗೆ ಗ್ರೀಸ್ ಒಣಗಿ ಕಪ್ಪು ಅಂಟಿನಂತಾಗಿತ್ತು. ಅದಕ್ಕೇ ಹಲ್ಲು ಪೂರ್ತಿ ಕೂರುತ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಎರಡು ಹನಿ ಎಣ್ಣೆ ಬಿಟ್ಟೆ. ಆ ಬ್ರೇಕಿನ ಬೋಲ್ಟ್ ಬಿಚ್ಚಿದ್ದು ಅದೇ ರ‍್ಯಾಚೆಟ್‌ನಿಂದ.