ಹಗ್ಗದ ಕೊನೆಯವನ ಕೂಗು

ಈ ಸಲ ಏಪ್ರಿಲ್‌ನಲ್ಲಿ ರಜೆಗೆ ಊರಿಗೆ ಬಂದಾಗ ಅಕ್ಕನ ಮನೆ ಅಂಗಳದಲ್ಲಿ ಹಲಸಿನ ಹಪ್ಪಳದ ಕೆಲಸ ನಡೆದಿತ್ತು. ಬೇಲೆಕೇರಿ ಹತ್ತಿರದ ಹಳ್ಳಿ ನಮ್ಮದು. ಅಕ್ಕ ಮತ್ತು ಕೇರಿಯ ಒಂಬತ್ತು ಹೆಂಗಸರು ಸ್ವಸಹಾಯ ಸಂಘ ಮಾಡಿಕೊಂಡು ಎರಡು ವರ್ಷದಿಂದ ಹಪ್ಪಳ ಮಾಡಿ ಅಂಕೋಲೆ ಪೇಟೆಯ ಅಂಗಡಿಗಳಿಗೆ ಕೊಡುತ್ತಾರೆ. ಆ ದಿನ ಬೆಳಿಗ್ಗೆಯಿಂದ ಕೂತು ಸೊಳೆ ಬಿಡಿಸಿ, ಬೇಯಿಸಿ, ರುಬ್ಬಿ ಹಿಟ್ಟು ಮಾಡಿದ್ದರು. ಅರ್ಧ ಚಾಪೆ ಹಪ್ಪಳ ಒತ್ತಿ ಆದ ಮೇಲೆ ಯಾರೋ ಒಂದು ಚೂರು ಹಿಟ್ಟು ಬಾಯಿಗೆ ಹಾಕಿಕೊಂಡರು. ಉಪ್ಪು ಎರಡು ಸಲ ಬಿದ್ದಿತ್ತು. ಅಷ್ಟೂ ಹಿಟ್ಟು ಹೋಯಿತು.

ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ, ಅಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಪಕ್ಕದ ಮನೆಯ ಸೊಸೆ ಬಾವಿಕಟ್ಟೆ ಹತ್ತಿರ ನನಗೊಬ್ಬಳಿಗೇ ಹೇಳಿದಳು: "ಅಕ್ಕಾ, ಎರಡನೇ ಸಲ ಉಪ್ಪು ಹಾಕೂದು ನಾ ಕಂಡಿದ್ದೆ. ಅತ್ತೆರು ಹಾಕ್ತಿದ್ರು. ನಾ ಹ್ಯಾಂಗೆ ಹೇಳೂದು?"

ಅವಳ ಮೇಲೆ ನನಗೆ ಒಂದಿಷ್ಟೂ ಸಿಟ್ಟು ಬರಲಿಲ್ಲ. ಆ ಜಾಗದಲ್ಲಿ ನಾನೂ ನಿಂತಿದ್ದೆ. ಅಂಗಳದಲ್ಲಿ ಅಲ್ಲ, ಇಂಗ್ಲೆಂಡಿನ ಒಂದು ಆಸ್ಪತ್ರೆಯ ಓಟಿಯಲ್ಲಿ, ಅಂದರೆ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ.

ನಾನು ಓಟಿ ನರ್ಸ್. ಇಂಗ್ಲೆಂಡಿನ ನೈಋತ್ಯ ಕರಾವಳಿಯ ಒಂದು ಊರಿಗೆ ಬಂದು ಐದು ವರ್ಷ ಆಯಿತು. ಬಂದು ಎರಡು ತಿಂಗಳಾಗಿದ್ದಾಗಿನ ಮಾತು ಇದು. ಶಸ್ತ್ರಚಿಕಿತ್ಸೆ ಶುರುವಾಗುವ ಮೊದಲು, ರಕ್ತ ಒರೆಸುವ ಗಾಜ್ ತುಂಡುಗಳನ್ನು ಇಬ್ಬರು ನರ್ಸ್‌ಗಳು ಸೇರಿ ಗಟ್ಟಿಯಾಗಿ ಎಣಿಸಬೇಕು. ಇಲ್ಲಿ ಅವಕ್ಕೆ ಸ್ವಾಬ್ ಅನ್ನುತ್ತಾರೆ. ಐದೈದರ ಕಟ್ಟು, ಕಟ್ಟಿಗೊಂದು ಕೆಂಪು ದಾರ. ಒಂದೊಂದು ತುಂಡಿನೊಳಗೂ ಎಕ್ಸ್‌ರೇಯಲ್ಲಿ ಕಾಣುವ ಒಂದು ಎಳೆ ಇರುತ್ತದೆ, ಮೈಯೊಳಗೆ ಉಳಿದುಹೋದರೆ ಪತ್ತೆಯಾಗಲಿ ಅಂತ. ಕಟ್ಟು ಬಿಚ್ಚಿ, ತುಂಡುಗಳನ್ನು ಬೇರೆ ಬೇರೆ ಮಾಡಿ ಎಣಿಸಿ, ಲೆಕ್ಕವನ್ನು ಗೋಡೆಯ ಬಿಳಿ ಹಲಗೆಯ ಮೇಲೆ ಬರೆಯುತ್ತೇವೆ. ಆ ದಿನ ನನ್ನ ಜೊತೆ ಎಣಿಸಿದವರು ಇಪ್ಪತ್ತು ವರ್ಷ ಅನುಭವದ ಹಿರಿಯ ನರ್ಸ್. ಅವರ ಕೈ ಬಹಳ ಚುರುಕು. ಎರಡನೇ ಕಟ್ಟಿನಲ್ಲಿ ನನ್ನ ಕಣ್ಣಿಗೆ ನಾಲ್ಕೇ ಕಂಡವು. ಅವರು "ಹತ್ತು" ಅಂದರು. ನಾನು ತಲೆಯಾಡಿಸಿದೆ. ಹಲಗೆಯ ಮೇಲೆ ಹತ್ತು ಅಂತ ಬಿತ್ತು.

ಕೊನೆಗೆ ಹೊಲಿಗೆ ಹಾಕುವ ಮೊದಲು ಎಣಿಸಿದರೆ ಒಂಬತ್ತು. ಎಲ್ಲವೂ ನಿಂತಿತು. ಕಸದ ಚೀಲ ಸುರಿದು ಹುಡುಕಿದೆವು, ನೆಲದ ಮೇಲೆ ಹುಡುಕಿದೆವು, ಮೇಜಿನ ಮೇಲೆ ಹೊದಿಸಿದ ಬಟ್ಟೆಯ ಮಡಿಕೆ ಮಡಿಕೆ ಬಿಡಿಸಿ ನೋಡಿದೆವು. ಸರ್ಜನ್ ಮತ್ತೆ ಗಾಯದೊಳಗೆ ಕೈಯಾಡಿಸಿದರು. ಎಕ್ಸ್‌ರೇ ತರಿಸಿದರು. ಒಳಗೇನೂ ಇರಲಿಲ್ಲ. ಆ ಕಟ್ಟು ಕಾರ್ಖಾನೆಯಿಂದಲೇ ನಾಲ್ಕರದ್ದಾಗಿ ಬಂದಿತ್ತು. ಹಾಗೆ ಕಡಿಮೆ ಬಂದ ಕಟ್ಟನ್ನು ಮೊದಲಿಗೇ ಪೂರ್ತಿ ಹೊರಗೆ ಹಾಕಬೇಕು ಅನ್ನುವುದು ನಿಯಮ. ನನ್ನ ಬಾಯಿಂದ "ತಡೀರಿ, ಇನ್ನೊಮ್ಮೆ ಎಣಿಸೋಣ" ಅನ್ನುವ ಮಾತು ಬಂದಿದ್ದರೆ ಅರ್ಧ ನಿಮಿಷದ ಕೆಲಸ. ಬರದೇ ಹೋದದ್ದಕ್ಕೆ ಒಬ್ಬ ಹೆಂಗಸು ಸುಮಾರು ಮುಕ್ಕಾಲು ಗಂಟೆ ಹೆಚ್ಚು ಅರಿವಳಿಕೆಯಲ್ಲಿ ಮಲಗಿರಬೇಕಾಯಿತು. ಅವರು ಕ್ಷೇಮವಾಗಿ ಮನೆಗೆ ಹೋದರು. ಆದರೂ ಆ ಮುಕ್ಕಾಲು ಗಂಟೆ ನನ್ನ ಮನಸ್ಸಿನಿಂದ ಇಳಿದಿಲ್ಲ.

ಕೆಲಸ ಮುಗಿದ ಮೇಲೆ ಹಿರಿಯ ನರ್ಸ್ ನನ್ನನ್ನು ಕೂರಿಸಿಕೊಂಡು, ಮೊದಲು ಎಣಿಸುವಾಗಲೇ ನಿನಗೆ ಅನುಮಾನ ಬಂದಿತ್ತಾ ಅಂತ ಕೇಳಿದರು. ಹೌದು ಅಂದೆ, ಕಣ್ಣಲ್ಲಿ ನೀರು ಬಂತು. ಅವರು ಬೈಯಲಿಲ್ಲ. "ನಾನು ಅವಸರದಲ್ಲಿ ಎಣಿಸಿದೆ, ನೀನು ಸುಮ್ಮನಿದ್ದೆ. ಇದು ಇಬ್ಬರದೂ. ಇನ್ನು ಮುಂದೆ ನೀನು ಬಾಯಿಬಿಟ್ಟು ಸಂಖ್ಯೆ ಹೇಳುವವರೆಗೆ ನಾನು ಬರೆಯುವುದಿಲ್ಲ," ಅಂದರು. ಅವತ್ತಿನಿಂದ ಇವತ್ತಿನವರೆಗೆ ಹಾಗೇ ನಡೆದುಕೊಂಡಿದ್ದಾರೆ.

ಊರಲ್ಲಿ ನನ್ನನ್ನು ಬೆಳೆಸಿದ ರೀತಿ ತಪ್ಪು ಅಂತ ನಾನು ಹೇಳುವುದಿಲ್ಲ. ದೊಡ್ಡವರ ಮಾತಿಗೆ ಎದುರಾಡಬಾರದು ಅನ್ನುವುದರಲ್ಲಿ ಪ್ರೀತಿಯೂ ಇದೆ, ಮರ್ಯಾದೆಯೂ ಇದೆ. ಆದರೆ ಕೆಲಸದ ನಡುವೆ ಒಂದು ತಪ್ಪನ್ನು ತೋರಿಸುವುದು ಎದುರಾಡುವುದಲ್ಲ. ಇವೆರಡೂ ಬೇರೆ ಬೇರೆ ಅಂತ ದೊಡ್ಡವರೇ ಮೊದಲು ಬಾಯಿಬಿಟ್ಟು ಹೇಳಬೇಕು. ಚಿಕ್ಕವರು ತಾವಾಗಿ ಊಹಿಸಿಕೊಂಡು ಧೈರ್ಯ ಮಾಡಲಿ ಅಂತ ಕಾಯುವುದು ನ್ಯಾಯವಲ್ಲ.

ವಿಮಾನದವರು ಈ ಪಾಠಕ್ಕೆ ಬಹಳ ದೊಡ್ಡ ಬೆಲೆ ಕೊಟ್ಟಿದ್ದಾರೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ರನ್‌ವೇಯಲ್ಲಿ, ಮಂಜು ಮುಸುಕಿದ್ದಾಗ, ಎರಡು ದೊಡ್ಡ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಓಡಲು ಶುರು ಮಾಡಿದ್ದ ವಿಮಾನದ ಫ್ಲೈಟ್ ಎಂಜಿನಿಯರ್, ಎದುರಿನ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇ ಅಂತ ಕೇಳಿದ್ದ. ಬಹಳ ಹಿರಿಯರಾದ ಕ್ಯಾಪ್ಟನ್ ಬಿಟ್ಟಿದೆ ಅಂದರು. ಅವನು ಮತ್ತೊಮ್ಮೆ ಕೇಳಲಿಲ್ಲ. ಇಂಥ ಅಪಘಾತಗಳ ಕಾರಣ ಹುಡುಕುತ್ತ 1979ರಲ್ಲಿ ನಾಸಾ ಕರೆದ ಒಂದು ಕಾರ್ಯಾಗಾರದಿಂದ, ವಿಮಾನದೊಳಗಿನ ಸಿಬ್ಬಂದಿ ಒಬ್ಬರ ಜೊತೆ ಒಬ್ಬರು ಹೇಗೆ ಮಾತಾಡಬೇಕು ಅನ್ನುವುದೇ ಒಂದು ತರಬೇತಿಯಾಗಿ ಬೆಳೆಯಿತು. ಆಸ್ಪತ್ರೆಗಳು ಅದನ್ನು ಅವರಿಂದ ಕಲಿತವು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆ 19 ಅಂಶಗಳ ಒಂದು ಪಟ್ಟಿ ಕೊಟ್ಟಿತು. ಚರ್ಮ ಕೊಯ್ಯುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಿಕೊಳ್ಳುವುದು ಅದರಲ್ಲಿ ಒಂದು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು. ಹೆಸರು ಹೇಳಿಕೊಳ್ಳುವುದು ಬರೀ ಶಿಷ್ಟಾಚಾರ ಅಂತ ಮೊದಲು ನನಗೂ ಅನ್ನಿಸಿತ್ತು. ಆದರೆ ಒಂದು ಸಲ ಬಾಯಿಬಿಟ್ಟವರಿಗೆ ಎರಡನೇ ಸಲ ಮಾತಾಡುವುದು ಸುಲಭ. 2017ರಲ್ಲಿ ಸಿಡ್ನಿಯ ಅರಿವಳಿಕೆ ವೈದ್ಯ ರಾಬ್ ಹ್ಯಾಕೆಟ್ ತಮ್ಮ ಟೋಪಿಯ ಮೇಲೆಯೇ ಹೆಸರು ಮತ್ತು ಹುದ್ದೆ ಬರೆದುಕೊಳ್ಳಲು ಶುರು ಮಾಡಿದರು. ಈಗ ನಮ್ಮ ಓಟಿಯಲ್ಲೂ ಬಹಳ ಮಂದಿ ಅಂಥ ಟೋಪಿ ಹಾಕುತ್ತಾರೆ. ಮಾಸ್ಕ್ ಹಾಕಿದ ಮೇಲೆ ಕಣ್ಣು ಬಿಟ್ಟು ಬೇರೇನೂ ಕಾಣದ ಜಾಗದಲ್ಲಿ "ಸರ್" ಅಂತ ಕರೆದರೆ ಮೂವರು ತಿರುಗಿ ನೋಡುತ್ತಾರೆ, ಹೆಸರು ಕರೆದರೆ ಒಬ್ಬರೇ.

ಇದೆಲ್ಲ ಜಗತ್ತಿಗೇ ಸೇರಿದ ನಿಯಮ. ಆದರೆ ಒಂದೊಂದು ಗುಂಪಿಗೂ ತನ್ನದೇ ಆದ ಮಾತುಕತೆ ಬೇಕು. ಸ್ವಾಬ್ ಪ್ರಕರಣ ಆಗಿ ಕೆಲವು ವಾರಕ್ಕೆ, ಶಸ್ತ್ರಚಿಕಿತ್ಸೆ ಇಲ್ಲದ ಒಂದು ಬೆಳಿಗ್ಗೆ, ಅದೇ ಹಿರಿಯ ನರ್ಸ್ ನಮ್ಮ ಹನ್ನೊಂದು ಜನರನ್ನು ಚಹಾದ ಕೋಣೆಯಲ್ಲಿ ಕೂರಿಸಿದರು. ಆರು ದೇಶದವರಿದ್ದೆವು. ಒಂದೇ ಪ್ರಶ್ನೆ ಕೇಳಿದರು: ನಿಮ್ಮ ಜೊತೆ ಕೆಲಸ ಮಾಡುವವರಿಗೆ ನಿಮ್ಮ ಬಗ್ಗೆ ಏನು ಗೊತ್ತಿರಬೇಕು?

ಫಿಲಿಪ್ಪೀನ್ಸ್‌ನವಳು, ನನ್ನ ತಪ್ಪನ್ನು ರೋಗಿಯ ಎದುರು ಹೇಳಿದರೆ ಆ ದಿನವೆಲ್ಲ ನನ್ನ ಕೈ ನಡುಗುತ್ತದೆ, ಅಪಾಯ ಇಲ್ಲದ ವಿಷಯವಾದರೆ ಪಕ್ಕಕ್ಕೆ ಕರೆದು ಹೇಳಿ ಅಂದಳು. ಪೋಲೆಂಡಿನವನು, ನಾನು ಚುಟುಕಾಗಿ ಮಾತಾಡುವುದು ಸಿಟ್ಟಿನಿಂದಲ್ಲ, ನಮ್ಮ ಭಾಷೆಯ ಗತ್ತೇ ಹಾಗೆ ಅಂದ. ಘಾನಾದವಳು ತನ್ನ ಹೆಸರನ್ನು ತುಂಡರಿಸಬೇಡಿ ಅಂದಳು, ಮೂರು ಸಲ ಹೇಳಿಕೊಟ್ಟಳು, ಎಲ್ಲರೂ ಹೇಳಿ ಕಲಿತೆವು. ನಾನು ನನ್ನ ತಲೆಯಾಡಿಸುವಿಕೆಯ ಬಗ್ಗೆ ಹೇಳಿದೆ. ನಾವು ತಲೆಯಾಡಿಸಿ "ಹಾಂ" ಅನ್ನುವುದಕ್ಕೆ "ಕೇಳಿಸಿತು" ಅಂತ ಅರ್ಥ, "ಒಪ್ಪಿದೆ" ಅಂತಲ್ಲ, "ತಿಳಿಯಿತು" ಅಂತಲೂ ಅಲ್ಲ. ಹಾಗಾಗಿ ನನ್ನ ತಲೆ ನೋಡಬೇಡಿ, ನನ್ನಿಂದ ಮಾತು ಹೇಳಿಸಿ ಅಂದೆ. ಇಷ್ಟು ದಿನ ಒಟ್ಟಿಗೆ ಚಹಾ ಕುಡಿದಿದ್ದರೂ ಒಬ್ಬರ ಬಗ್ಗೆ ಒಬ್ಬರಿಗೆ ಇದಾವುದೂ ಗೊತ್ತಿರಲಿಲ್ಲ.

ಆಮೇಲೆ ಬರೆಯಲು ಕೂತೆವು. ಮೊದಲು ಯಾರೋ "ಗೌರವ", "ಪ್ರಾಮಾಣಿಕತೆ" ಅಂತ ಶುರು ಮಾಡಿದರು. ಹಿರಿಯ ನರ್ಸ್ ಅಲ್ಲೇ ತಡೆದು, ಗೌರವ ಅಂದರೆ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಯಾರು ಏನು ಮಾಡುವುದು, ಅದನ್ನು ಹೇಳಿ ಅಂದರು. ಅಲ್ಲಿಂದ ಮಾತು ನೆಲಕ್ಕೆ ಬಂತು. ಯಾರಾದರೂ ಹೆಸರು, ಪ್ರಮಾಣ ಹೇಳಿ ಔಷಧ ಕೇಳಿದರೆ ಅದನ್ನೇ ತಿರುಗಿ ಹೇಳಿ ಕೊಡುವುದು. ಯಾರೇ "ತಡೀರಿ" ಅಂದರೂ ಎಲ್ಲರೂ ಕೈ ನಿಲ್ಲಿಸುವುದು, ಕಾರಣ ಆಮೇಲೆ. ತಡೆದದ್ದು ಸುಮ್ಮನೇ ಅಂತಾದರೂ ತಡೆದವರಿಗೆ ಥ್ಯಾಂಕ್ಸ್ ಹೇಳುವುದು. ಚಹಾದ ಕೋಣೆಯಲ್ಲಿ ಎಲ್ಲರಿಗೂ ತಿಳಿಯದ ಭಾಷೆಯಲ್ಲಿ ಕೆಲಸದ ಮಾತು ಆಡದಿರುವುದು, ಮನೆಯ ಮಾತು ಯಾವ ಭಾಷೆಯಲ್ಲಾದರೂ ಸರಿ. ಇಂಥ ಏಳು ವಾಕ್ಯ, ಒಂದೇ ಹಾಳೆ, ನೀರು ಕಾಯಿಸುವ ಕೆಟಲ್ ಮೇಲಿನ ಗೋಡೆಗೆ ಅಂಟಿಸಿದೆವು. ಫೋನನ್ನು ಲಾಕರಿನಲ್ಲೇ ಬಿಡಬೇಕು ಅಂತಲೂ ಒಂದು ಬರೆದಿದ್ದೆವು. ಆರು ವಾರ ಕಳೆದು ಮತ್ತೆ ಕೂತಾಗ ಅದನ್ನು ಹೊಡೆದುಹಾಕಿದೆವು. ಚಿಕ್ಕ ಮಕ್ಕಳಿರುವ ಇಬ್ಬರಿಗೆ ಶಾಲೆಯಿಂದ ಕರೆ ಬಂದರೆ ಗೊತ್ತೇ ಆಗುತ್ತಿರಲಿಲ್ಲ. ಕಾಪಾಡಲಾಗದ ನಿಯಮವನ್ನು ಗೋಡೆಯ ಮೇಲೆ ಉಳಿಸಿಕೊಂಡರೆ ಉಳಿದ ಆರಕ್ಕೂ ಬೆಲೆ ಇಳಿಯುತ್ತದೆ.

ಆ ನಂತರ ನಮ್ಮ ದಾಖಲೆ ಪುಸ್ತಕದಲ್ಲಿ ಬರೆದಿಡುವ ತಪ್ಪುಗಳ ಲೆಕ್ಕ ಹೆಚ್ಚಾಯಿತು. ನನಗೆ ಗಾಬರಿಯಾಯಿತು. ಆಗ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಏಮಿ ಎಡ್ಮಂಡ್ಸನ್ ಅವರ ಕೆಲಸದ ಬಗ್ಗೆ ಓದಿದೆ. 1990ರ ದಶಕದಲ್ಲಿ ಅವರು ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಅಭ್ಯಾಸ ಮಾಡಿದಾಗ, ಚೆನ್ನಾಗಿ ಹೊಂದಿಕೊಂಡಿದ್ದ ತಂಡಗಳಲ್ಲೇ ತಪ್ಪಿನ ಲೆಕ್ಕ ಹೆಚ್ಚು ಕಂಡಿತು. ಆ ತಂಡಗಳವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತಿದ್ದರು. ನಮ್ಮಲ್ಲೂ ಆಗುತ್ತಿದ್ದದ್ದು ಅದೇ.

ಇದನ್ನೆಲ್ಲ ಪರದೇಶದಲ್ಲಿ ಹೊಸದಾಗಿ ಕಲಿತೆ ಅಂದುಕೊಂಡಿದ್ದೆ. ಊರಿಗೆ ಬಂದು ಅಪ್ಪನ ಹತ್ತಿರ ಹೇಳಿದಾಗ ಅವರು ರಂಪಣಿಯ ಕಾಲದ್ದನ್ನು ನೆನಪಿಸಿದರು. ಅಜ್ಜ ರಂಪಣಿ ಬಲೆಯ ತಾಂಡೇಲ, ಅಂದರೆ ಬಲೆಯವರ ಮುಂದಾಳು, ಆಗಿದ್ದವರು. ಮಳೆಗಾಲ ಕಳೆದ ಮೇಲೆ ಬಂಗಡೆ ಹಿಂಡು ದಡದ ಹತ್ತಿರ ಬಂದಾಗ ನೀರಿನ ಬಣ್ಣ ಬದಲಾಗುತ್ತದೆ. ದೋಣಿಯಲ್ಲಿ ಹೋಗಿ ಹಿಂಡಿನ ಸುತ್ತ ಬಲೆ ಬಿಟ್ಟು, ಎರಡೂ ತುದಿಯ ಹಗ್ಗ ದಡಕ್ಕೆ ತಂದು, ಎರಡು ಕಡೆಯಿಂದ ಹತ್ತಾರು ಜನ ಎಳೆಯಬೇಕು. ಒಂದು ಕಡೆಯವರು ಜೋರಾಗಿ ಎಳೆದರೆ ಬಲೆ ಓರೆಯಾಗಿ ಮೀನು ಜಾರುತ್ತದೆ. ಬಲೆಯ ಬುಡ ಮರಳಿನಿಂದ ಎದ್ದರೂ ಅಷ್ಟೇ. "ಬಲೆ ಕಲ್ಲಿಗೆ ಸಿಕ್ಕಿದ್ದು ಮೊದಲು ಗೊತ್ತಾಗೂದು ನೀರೊಳಗೆ ನಿಂತವಂಗೆ," ಅಂದರು ಅಪ್ಪ. "ಅಂವ ಹದಿನಾಲ್ಕು ವರ್ಷದ ಹುಡುಗ ಆಗಿದ್ರೂ ಅಡ್ಡಿಲ್ಲ. ಅಂವ ಕೂಗಿದ್ರೆ ತಾಂಡೇಲನೂ ಹಗ್ಗ ಬಿಡಬೇಕು. ಯಾಕೆ ಕೂಗ್ದೆ ಅಂತ ಕೇಳೂದು ದಡಕ್ಕೆ ಬಂದ ಮೇಲೆ." ಬಲೆಗೆಷ್ಟು ಪಾಲು, ದೋಣಿಗೆಷ್ಟು, ಎಳೆದವರಿಗೆಷ್ಟು ಅನ್ನುವುದು ಬಲೆ ನೀರಿಗೆ ಬೀಳುವ ಮೊದಲೇ ಎಲ್ಲರಿಗೂ ಗೊತ್ತಿರುತ್ತಿತ್ತಂತೆ. 1970ರ ದಶಕದ ಕೊನೆಗೆ, ಸಮುದ್ರದ ನಡುವೆಯೇ ಹಿಂಡನ್ನು ಸುತ್ತುಗಟ್ಟಿ ಹಿಡಿಯುವ ಪರ್ಸೀನ್ ಬೋಟುಗಳು ಬಂದವು, ಹಿಂಡು ದಡದವರೆಗೆ ಬರುವುದು ಕಡಿಮೆಯಾಯಿತು, ರಂಪಣಿ ಹೋಯಿತು. ಬಲೆ ಹೋದದ್ದರ ಬಗ್ಗೆ ನಮ್ಮ ಕಡೆ ಎಲ್ಲರೂ ಮಾತಾಡುತ್ತಾರೆ. ಅದರ ಜೊತೆಗೆ ಹೋದ ಈ ಕಟ್ಟುಪಾಡಿನ ಬಗ್ಗೆ ನಾನು ಕೇಳಿದ್ದು ಅದೇ ಮೊದಲು.

ಮರುದಿನ ಅಕ್ಕನ ಸಂಘದವರ ಜೊತೆ ಜಗಲಿಯ ಮೇಲೆ ಕೂತೆ. ಉಪ್ಪು ಹಾಕಿದ ಅತ್ತೆಯ ಹೆಸರು ಎತ್ತಲಿಲ್ಲ. ಆ ಸ್ವಾಬಿನ ಕಥೆ ಹೇಳಿದೆ, ನಾನು ಸುಮ್ಮನಿದ್ದದ್ದನ್ನೂ ಹೇಳಿದೆ, ಆಮೇಲೆ ನಮ್ಮ ಹಿರಿಯ ನರ್ಸ್ ಕೇಳಿದ ಪ್ರಶ್ನೆಯನ್ನೇ ಕೇಳಿದೆ. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅತ್ತೆಯೇ, ತನ್ನ ಕಣ್ಣಿಗೆ ಪೊರೆ ಬಂದಿದೆ, ಅಳತೆ ಸೇರಿನ ಗೆರೆ ಸರಿಯಾಗಿ ಕಾಣುವುದಿಲ್ಲ, ಹೇಳಲು ಸಂಕೋಚ ಆಗಿತ್ತು ಅಂದರು. ಎರಡು ವರ್ಷದಿಂದ ದಿನವೂ ಜೊತೆಗೆ ಕೂತು ಕೆಲಸ ಮಾಡಿದವರಿಗೆ ಅದು ಗೊತ್ತಿರಲಿಲ್ಲ. ಅದಾದ ಮೇಲೆ ಮಾತು ನಿಲ್ಲಲೇ ಇಲ್ಲ. ಮಧ್ಯಾಹ್ನ ಮೋಡ ಬಂದರೆ ಚಾಪೆ ಎತ್ತುವವರು ಯಾರು, ಅಂಗಡಿಯವರ ಜೊತೆ ದರ ಮಾತಾಡಿದವರು ಸಂಜೆಯೊಳಗೆ ಎಲ್ಲರಿಗೂ ತಿಳಿಸಬೇಕೋ ಬೇಡವೋ, ಬರಲಾಗದ ದಿನ ಯಾರಿಗೆ ಹೇಳಿ ಕಳಿಸುವುದು. ಅಕ್ಕನ ಮಗಳು ಅವಳ ಶಾಲೆಯ ಪುಸ್ತಕದ ಹಾಳೆ ಹರಿದು ಬರೆದಳು.

ಮೇ ತಿಂಗಳ ನಡುವೆ ಅಕ್ಕ ಫೋನ್ ಮಾಡಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಸೇರುವುದು ಅನ್ನುವ ನಿಯಮ ಬಿಟ್ಟರಂತೆ, ಆ ಹೊತ್ತಿಗೆ ಮೂವರು ಮೀನು ಮಾರಲು ಹೋಗಿರುತ್ತಾರೆ. ಈಗ ಬುಟ್ಟಿ ಖಾಲಿಯಾಗಿ ಮೂವರೂ ಬಂದ ಮೇಲೆ ಶುರು. ಮಾತಾಡುತ್ತಿರುವಾಗಲೇ ಅವಳ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು.

"ಉಪ್ಪು ಹಾಕ್ತಿದ್ದೆ!"

"ಎಷ್ಟ್ರೀ?" ಚಿಕ್ಕ ಸೊಸೆಯ ದನಿ.

"ಒಂದು ಸೇರು."

"ಒಂದು ಸೇರು. ಬರ್ಕಂಡೆ. ಹಾಕ್ರಿ."