ಆ ತೋಳದ ಕಿವಿ

ರೋಮಿನ ಕ್ಯಾಪಿಟೊಲೈನ್ ಗುಡ್ಡದ ಮೇಲೆ, ಮೈಕೆಲ್ಯಾಂಜೆಲೊ ರೂಪಿಸಿದ ಚೌಕದ ಅಂಚಿನಲ್ಲಿ, ಎತ್ತರವಾದ ಕಂಬದ ತುದಿಗೆ ಒಂದು ಹೆಣ್ಣುತೋಳ ನಿಂತಿದೆ. ಅದರ ಹೊಟ್ಟೆಯಡಿ ಎರಡು ಗಂಡುಕೂಸುಗಳು, ರೋಮಿನ ಹುಟ್ಟಿನ ಪುರಾಣದ ಅವಳಿಗಳಾದ ರೋಮ್ಯುಲಸ್ ಮತ್ತು ರೀಮಸ್, ಮುಖವೆತ್ತಿ ಹಾಲುಣ್ಣುತ್ತಿವೆ. 2025ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಾನು ಅದರ ಫೋಟೊ ತೆಗೆದು ಕೊಪ್ಪಳ ಸೀಮೆಯಲ್ಲಿರುವ ನನ್ನ ಸೋದರಮಾವನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದೆ. ಮಾವ ಹುಡುಗತನದಿಂದ ಕುರಿ ಕಾಯ್ದವರು. ತೋಳದ ವಿಷಯದಲ್ಲಿ ಅವರ ಮಾತನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಹತ್ತು ನಿಮಿಷ ಬಿಟ್ಟು ಧ್ವನಿಸಂದೇಶ ಬಂತು: "ಬರೇ ಕಂಬ ಕಾಣಾಕತ್ತೈತಿ. ತೋಳ ಎಲ್ಲೈತಿ?"

ಮಾವ ಹೇಳಿದ್ದು ಸರಿಯಾಗಿಯೇ ಇತ್ತು. ಕಂಬದ ಮೇಲಿರುವುದು ನಕಲು. ಮೂಲ ಪ್ರತಿಮೆ ಪಕ್ಕದ ವಸ್ತುಸಂಗ್ರಹಾಲಯದ ಒಳಗಿದೆ. ಕೆಲಸದ ನಿಮಿತ್ತ ಆ ಊರಿಗೆ ಹೋಗಿದ್ದ ನನಗೆ ಅದೊಂದು ಬಿಡುವಿನ ದಿನ. ಒಂದು ಸಭೆಯಲ್ಲಿ ಮಾತನಾಡಬೇಕಿದ್ದ ಹಿಂದಿನ ದಿನ, ನಾನು ಉಳಿದುಕೊಂಡಿದ್ದ ಮನೆಯೊಡತಿ "ಇನ್ ಬೊಕ್ಕಾ ಅಲ್ ಲೂಪೊ" ಎಂದು ಹರಸಿ ಕಳುಹಿಸಿದ್ದರು. ತೋಳದ ಬಾಯಿಗೆ ಹೋಗು ಎಂಬುದು ಅದರ ಅಕ್ಷರಾರ್ಥ. ಒಳ್ಳೆಯದಾಗಲಿ ಎಂಬುದು ಅದರ ಭಾವ. "ತೋಳ ಸಾಯಲಿ" ಎಂಬ ಅರ್ಥದ "ಕ್ರೇಪಿ" ಅದಕ್ಕೆ ರೂಢಿಯ ಮರುನುಡಿ. ಈಚೆಗೆ ಹಲವರು "ತೋಳ ಬಾಳಲಿ" ಎಂದು ಉತ್ತರಿಸುತ್ತಾರಂತೆ. ಯಾವ ಕಾನೂನೂ ಘೋಷಿಸಿಲ್ಲದಿದ್ದರೂ ಇಟಲಿಯ ರಾಷ್ಟ್ರಪ್ರಾಣಿ ಯಾವುದೆಂದರೆ ಜನ ತೋಳವನ್ನೇ ಹೆಸರಿಸುತ್ತಾರೆ. ಊರಿನ ಫುಟ್‌ಬಾಲ್ ತಂಡದ ಲಾಂಛನದಲ್ಲೂ ಅಂಗಡಿಯ ಕೀಲಿಗೊಂಚಲಿನಲ್ಲೂ ಅದೇ ತಾಯಿತೋಳ, ಅದೇ ಅವಳಿಗಳು. ಆದರೆ ಅದೇ ಜನರ ಬಾಯಲ್ಲಿ ಅದು ಸಾಯಲಿ ಎಂಬ ಮಾತೂ ಉಳಿದುಕೊಂಡಿರುವುದನ್ನು ಕಂಡಾಗ ನನಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ; ಕುರಿಹಟ್ಟಿಯ ಪಕ್ಕದಲ್ಲಿ ಬೆಳೆದವರಿಗೆ ಈ ಎರಡು ಮಾತುಗಳೂ ಪರಿಚಿತವೇ.

ತೋಳದ ಕೋಣೆ ಎಂದೇ ಕರೆಯುವ ಆ ಕೋಣೆಯ ನಡುವೆ, ಹಿಂದಿನ ಗೋಡೆಯಲ್ಲಿ ಪುರಾತನ ರೋಮಿನ ಅಧಿಕಾರಿಗಳ ಹೆಸರುಗಳನ್ನು ಕೆತ್ತಿದ ಕಲ್ಲಿನ ತುಣುಕುಗಳ ಮುಂದೆ, ಮೂಲ ಕಂಚಿನ ಪ್ರತಿಮೆಯಿದೆ. ಎತ್ತರ ಬರೀ 75 ಸೆಂಟಿಮೀಟರ್, ಅಂದರೆ ಸುಮಾರಾಗಿ ಒಂದು ನಿಜವಾದ ತೋಳದಷ್ಟೇ. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಸಾಮ್ರಾಜ್ಯದ ಗಾತ್ರದ ಮೃಗ ಅಲ್ಲಿರಲಿಲ್ಲ. ಪಕ್ಕೆಲುಬುಗಳು ಎಣಿಸುವಂತೆ ಎದ್ದಿವೆ, ಹೊಟ್ಟೆ ಬೆನ್ನಿಗೆ ಹತ್ತಿದೆ, ಕೆಚ್ಚಲು ಮಾತ್ರ ತುಂಬಿ ಜೋತಿದೆ. ಕತ್ತಿನ ಕೂದಲು ಒಪ್ಪವಾದ ಸುರುಳಿಗಳಲ್ಲಿ ಸಾಲುಗಟ್ಟಿದೆ. ತಲೆ ಮಾತ್ರ ಮಕ್ಕಳ ಕಡೆಗಿಲ್ಲ. ಪಕ್ಕಕ್ಕೆ, ನೋಡುವವರ ಕಡೆಗೆ ತಿರುಗಿದೆ.

ಈ ತೋಳದ ವಯಸ್ಸಿನ ಕಥೆ ಪುರಾಣಕ್ಕಿಂತ ಸ್ವಾರಸ್ಯವಾದುದು. ರೋಮನ್ನರಿಗಿಂತ ಮೊದಲು ಇಟಲಿಯಲ್ಲಿ ಪ್ರಬಲರಾಗಿದ್ದ ಎಟ್ರುಸ್ಕನ್ ಜನರ, ಕ್ರಿಸ್ತಪೂರ್ವ 5ನೆಯ ಶತಮಾನದ ಕೃತಿ ಇದು ಎಂದು ಬಹುಕಾಲ ನಂಬಲಾಗಿತ್ತು. ಕ್ರಿಸ್ತಪೂರ್ವ 65ರಲ್ಲಿ ಇದೇ ಗುಡ್ಡದ ತೋಳದ ಪ್ರತಿಮೆಯೊಂದಕ್ಕೆ ಸಿಡಿಲು ಬಡಿದುದನ್ನು ರೋಮಿನ ವಾಗ್ಮಿ ಸಿಸೆರೊ ಹೇಳಿದ್ದಾನೆ. ಈ ಪ್ರತಿಮೆಯ ಕಾಲಿನ ಹಾನಿಯನ್ನು ತೋರಿಸಿ ಅದೇ ಇದು ಎಂದವರಿದ್ದರು. 1997ರಲ್ಲಿ ಇದರ ದುರಸ್ತಿಗೆ ಕೈಹಾಕಿದ ಆನ್ನಾ ಮರಿಯಾ ಕರೂಬಾ, ಇದನ್ನು ಒಂದೇ ಎರಕದಲ್ಲಿ ಹೊಯ್ದಿರುವುದನ್ನು ಗಮನಿಸಿದರು. ಪ್ರಾಚೀನರು ದೊಡ್ಡ ಕಂಚಿನ ವಿಗ್ರಹಗಳನ್ನು ಬಿಡಿಬಿಡಿಯಾಗಿ ಎರೆದು ಬೆಸೆಯುತ್ತಿದ್ದರು. ಇಡಿಯಾಗಿ ಎರೆಯುವುದು ಚರ್ಚಿನ ಗಂಟೆ ಮಾಡುತ್ತಿದ್ದ ಮಧ್ಯಯುಗದವರ ಪದ್ಧತಿ. ಆಮೇಲೆ ಒಳಗಿನ ಮಣ್ಣಿನ ತಿರುಳನ್ನು ಪರೀಕ್ಷಿಸಿದಾಗ 11-12ನೆಯ ಶತಮಾನದ ಕಾಲ ಬಂತು. ಕೆಲವು ವಿದ್ವಾಂಸರು ಇನ್ನೂ ಒಪ್ಪಿಲ್ಲ. 1471ರಲ್ಲಿ ಪೋಪ್ ನಾಲ್ಕನೆಯ ಸಿಕ್ಸ್‌ಟಸ್ ಇದನ್ನು ರೋಮಿನ ಜನರಿಗೆ ಕೊಟ್ಟಾಗ ಹೊಟ್ಟೆಯಡಿ ಮಕ್ಕಳೇ ಇರಲಿಲ್ಲ. ರೋಮ್ಯುಲಸ್ ಮತ್ತು ರೀಮಸ್‌ರನ್ನು ಸೇರಿಸಿದ್ದು ಆ ಶತಮಾನದ ಕೊನೆಯ ಹೊತ್ತಿಗೆ. ನನಗೇನೋ ಇದರಿಂದ ತೋಳದ ಘನತೆ ಕಡಿಮೆಯಾದಂತೆ ಕಾಣಲಿಲ್ಲ. ಮಕ್ಕಳಿಲ್ಲದೆ ಕೇವಲ ತುಂಬಿದ ಕೆಚ್ಚಲಿನೊಂದಿಗೆ ಇಷ್ಟು ಎಚ್ಚರದಿಂದ ನಿಂತಿದ್ದ ಬಡಕಲು ಪ್ರಾಣಿಯನ್ನು ಊಹಿಸಿಕೊಂಡಾಗ, ಮೊದಲು ಮಾಡಿದವನು ನಿಜವಾದ ತೋಳವನ್ನು ನೋಡಿದ್ದಿರಬೇಕು ಎನಿಸಿತು.

ಬಹಳ ಹೊತ್ತು ನಿಂತಿದ್ದಕ್ಕೋ ಏನೋ, ಕೋಣೆಯ ಕಾವಲಿಗಿದ್ದ ಹೆಂಗಸು ಹತ್ತಿರ ಬಂದು ಇಂಗ್ಲಿಷಿನಲ್ಲಿ ಮಾತನಾಡಿಸಿದರು. ನಮ್ಮ ಮನೆತನ ಕುರಿ ಸಾಕುವವರದು ಎಂದು ಹೇಳಿದ ಕೂಡಲೇ ಅವರ ಮುಖಚರ್ಯೆಯೇ ಬದಲಾಯಿತು. ಅವರದು ಆಬ್ರುಟ್ಸೊ ಬೆಟ್ಟದ ಹಳ್ಳಿ. ಅವರ ತಂದೆಗೆ ಈಗಲೂ ಕುರಿಗಳಿವೆ, ಕುರಿ ಕಾಯಲು ಬಿಳಿಯ ದೊಡ್ಡ ನಾಯಿಗಳಿವೆ. ತೋಳ ಕುತ್ತಿಗೆಗೆ ಬಾಯಿ ಹಾಕದಂತೆ ಆ ನಾಯಿಗಳಿಗೆ ಹಾಕುವ ಮೊಳೆಯ ಪಟ್ಟಿಯನ್ನು ಅವರು ತಮ್ಮ ಕೊರಳ ಸುತ್ತ ಬೆರಳಾಡಿಸಿ ತೋರಿಸಿದಾಗ, ನಮ್ಮ ದಡ್ಡಿಯ ಬಾಗಿಲಲ್ಲಿ ಮಲಗುತ್ತಿದ್ದ ನಾಯಿ ನೆನಪಾಯಿತು. 1971ರವರೆಗೆ ಇಟಲಿಯಲ್ಲಿ ತೋಳ ಉಪದ್ರವದ ಪ್ರಾಣಿಗಳ ಪಟ್ಟಿಯಲ್ಲಿತ್ತು, ಕೊಂದವರಿಗೆ ಬಹುಮಾನವೂ ಸಿಗುತ್ತಿತ್ತು. ಎಪ್ಪತ್ತರ ದಶಕದ ಆರಂಭದಲ್ಲಿ ನೂರರಷ್ಟು ಮಾತ್ರ ಉಳಿದಿದ್ದವು. ರಕ್ಷಣೆ ಸಿಕ್ಕ ಮೇಲೆ, ಹಳ್ಳಿಗಳು ಬರಿದಾಗಿ ಕಾಡು ಮತ್ತೆ ಹಬ್ಬಿ, ಜಿಂಕೆ ಮತ್ತು ಕಾಡುಹಂದಿಗಳು ಹೆಚ್ಚಿದಂತೆ ಅವೂ ಬೆಳೆದವು. 2020-21ರ ರಾಷ್ಟ್ರೀಯ ಗಣತಿಯ ಅಂದಾಜು ಸುಮಾರು 3,300. ನಾನು ಅಲ್ಲಿದ್ದ ಅದೇ ತಿಂಗಳು, ಯುರೋಪಿನ ವನ್ಯಜೀವಿ ರಕ್ಷಣೆಯ ಬರ್ನ್ ಒಪ್ಪಂದದಲ್ಲಿ ತೋಳಕ್ಕಿದ್ದ ರಕ್ಷಣೆಯನ್ನು ಒಂದು ಮೆಟ್ಟಿಲು ಕೆಳಗಿಳಿಸಿದ ನಿರ್ಧಾರ ಜಾರಿಗೆ ಬಂದಿತ್ತು. ಅಪ್ಪನಿಗೆ ಇದರಿಂದ ಸಂತೋಷವೇ ಎಂದು ಕೇಳಿದೆ. ತೋಳವನ್ನು ಕೊಲ್ಲಬೇಕೆಂದು ಅಪ್ಪ ಎಂದೂ ಹೇಳಿದವರಲ್ಲ, ಸತ್ತ ಕುರಿಯ ಪರಿಹಾರಕ್ಕೆ ತುಂಬಬೇಕಾದ ಕಾಗದಗಳನ್ನು ಯಾರಾದರೂ ಕೊಲ್ಲಲಿ ಎನ್ನುತ್ತಾರೆ ಎಂದು ಅವರು ನಕ್ಕರು.

ಅಲ್ಲಿಂದ ನೆಲಮಾಳಿಗೆಯ ದಾರಿಯಲ್ಲಿ ಹಳೆಯ ದಾಖಲೆಗಳ ಕಟ್ಟಡದ ಕಮಾನುಗಳಿಗೆ ಬಂದರೆ ಕೆಳಗೆ ಪುರಾತನ ರೋಮಿನ ಸಾರ್ವಜನಿಕ ಚೌಕವಾದ ಫೋರಂನ ಅವಶೇಷಗಳೂ ಅದರಾಚೆ ಪ್ಯಾಲಟೈನ್ ಗುಡ್ಡವೂ ಕಾಣುತ್ತವೆ. ಆ ಗುಡ್ಡದ ಬುಡದ ಗುಹೆಯಲ್ಲೇ ತೋಳ ಮಕ್ಕಳಿಗೆ ಹಾಲೂಡಿತೆಂಬುದು ರೋಮನ್ನರ ನಂಬಿಕೆ. ಫೆಬ್ರವರಿ 15ರಂದು ಅಲ್ಲಿ ಆಡುಗಳನ್ನು ಬಲಿಕೊಟ್ಟು, ಯುವಕರು ಅವುಗಳ ತೊಗಲಿನ ಪಟ್ಟಿ ಹಿಡಿದು ಓಡುವ ಹಬ್ಬವಿತ್ತು. ಕಮಾನಿನ ಕಟ್ಟೆಗೆ ಒರಗಿ ನಿಂತಾಗ ಬೆಳಗಿನಿಂದ ಮನಸ್ಸಿನಲ್ಲಿ ಚುಚ್ಚುತ್ತಿದ್ದುದು ಏನೆಂದು ಹೊಳೆಯಿತು. ಇತಿಹಾಸಕಾರ ಲಿವಿ ಹೇಳುವ ಕಥೆಯಲ್ಲಿ ಇನ್ನೊಬ್ಬನಿದ್ದಾನೆ: ಫಾಸ್ಟ್ಯುಲಸ್, ಅರಸನ ಮಂದೆಯ ಯಜಮಾನ. ತೋಳ ನಾಲಗೆಯಿಂದ ಮಕ್ಕಳನ್ನು ನೆಕ್ಕುತ್ತಿದ್ದುದನ್ನು ಕಂಡವನು ಅವನು. ಮಕ್ಕಳನ್ನು ಎತ್ತಿ ಮನೆಗೆ ಒಯ್ದು ಹೆಂಡತಿ ಲಾರೆನ್ಷಿಯಾಳಿಗೆ ಕೊಟ್ಟವನೂ ಅವನೇ. ತೋಳವೇ ಇರಲಿಲ್ಲ, ಕುರಿಗಾಹಿಗಳು ಲಾರೆನ್ಷಿಯಾಳನ್ನೇ 'ಲೂಪಾ' ಎಂದು ಕರೆಯುತ್ತಿದ್ದರು, ಆ ಮಾತಿಗೆ ಹೆಣ್ಣುತೋಳ ಮತ್ತು ವೇಶ್ಯೆ ಎಂಬ ಎರಡೂ ಅರ್ಥವಿದ್ದುದರಿಂದ ಕಥೆ ಹುಟ್ಟಿತು ಎಂದು ಕೆಲವರ ಅಭಿಪ್ರಾಯವನ್ನೂ ಲಿವಿ ದಾಖಲಿಸುತ್ತಾನೆ. ಹೇಗೆ ತಿರುಗಿಸಿದರೂ ಕಥೆ ನಡೆಯುವುದು ಕುರಿಮಂದೆಯ ಅಂಚಿನಲ್ಲೇ. ಆದರೆ ನಾನು ಅಂದು ಕಂಡ ಪ್ರತಿಮೆ, ಲಾಂಛನ, ಕೀಲಿಗೊಂಚಲುಗಳಲ್ಲಿ ಒಂದರಲ್ಲೂ ಕುರಿಗಾಹಿ ಇರಲಿಲ್ಲ.

ರಾತ್ರಿ ಕೋಣೆಗೆ ಮರಳಿ ಮೂಲ ಪ್ರತಿಮೆಯ ಹತ್ತಿರದ ಫೋಟೊಗಳನ್ನು ಮಾವನಿಗೆ ಕಳುಹಿಸಿದೆ. ಅವರಲ್ಲಿ ಆಗ ನಡುರಾತ್ರಿ ದಾಟಿರಬೇಕು. ಆದರೂ ಕರೆ ಬಂತು.

"ಭಾಳ ಬಡವಾಗೈತಿ," ಎಂದರು. "ಮರಿ ಹಾಕಿ ತಿಂಗಳೊಪ್ಪತ್ತು ಆಗೇತಿ. ಕೆಚ್ಚಲ ಛಲೋ ಮಾಡ್ಯಾನ. ಕಿವಿ ನೋಡಿದೇನ ಯವ್ವಾ?"

ನಾನು ಪರದೆಯ ಮೇಲೆ ಬೆರಳಿಟ್ಟು ಚಿತ್ರವನ್ನು ದೊಡ್ಡದು ಮಾಡಿದೆ. ಕಿವಿಗಳು ನಿಮಿರಿದ್ದವು.

"ಯಾರೋ ಬರಾಕತ್ತಾರ. ಅದಕ್ಕ ಹಂಗ ನಿಂತೈತಿ. ಇನ್ನೊಂದ್ ಹೆಜ್ಜಿ ಇಟ್ರ ಓಡತೈತಿ."

ಬರುತ್ತಿದ್ದವನು ಒಬ್ಬ ಕುರಿ ಕಾಯುವವನೇ ಎಂದು ಹೇಳಿ, ಫಾಸ್ಟ್ಯುಲಸ್‌ನ ಕಥೆಯನ್ನು ನನಗೆ ತಿಳಿದಷ್ಟು ಹೇಳಿದೆ. ಮಾವ ಮಧ್ಯೆ ಬಾಯಿ ಹಾಕದೆ ಕೇಳಿದರು. ಮುಗಿದ ಮೇಲೆ, ಅವನ ಕೈಯಲ್ಲಿ ಕಲ್ಲು ಇತ್ತೇ ಎಂದು ಕೇಳಿದರು. ಪುಸ್ತಕದಲ್ಲಿ ಹಾಗೆ ಬರೆದಿಲ್ಲ ಎಂದೆ.

"ಕುರಿ ಯಾರವು ಅಂದಿ?"

"ಅರಸನವು, ಮಾವಾ."

"ಹಂಗನ್ನು ಮತ್ತ," ಎಂದು ಮಾವ ಸಮಾಧಾನದಿಂದ ಹೇಳಿದರು. "ಹೋದ್ರ ಅರಸನ ಕುರಿ ಹೋಗತಿದ್ವು. ಅದಕ್ಕ ಕಲ್ಲು ಒಗದಿಲ್ಲ ಅಂವ."