ಡೇರಿ ಲೆಕ್ಕದ ಸಾಲುಗಳನ್ನು ಕಾಲಂ ಮಾಡುವಾಗ

ಹಾಲು ಸಂಘದಿಂದ ಬರುವ ಫೈಲ್ ಸಾಮಾನ್ಯವಾಗಿ ಉದ್ದುದ್ದ ಇರುತ್ತದೆ: ರಸೀದಿ ಸಂಖ್ಯೆ, ಸದಸ್ಯ ಸಂಖ್ಯೆ, ದಿನಾಂಕ, ಹೊತ್ತು, ಲೀಟರ್, ಫ್ಯಾಟ್. ಒಮ್ಮೆ ಹಾಲು ಅಳೆದರೆ ಒಂದು ಸಾಲು. ಬಟವಾಡೆಗೆ ಬೇಕಾದದ್ದು ಅಡ್ಡ ಪಟ್ಟಿ: ಸದಸ್ಯ, ದಿನಾಂಕ, ಬೆಳಗಿನ ಹಾಲಿಗೆ ಒಂದು ಕಾಲಂ, ಸಂಜೆಯದಕ್ಕೆ ಇನ್ನೊಂದು. ಸಾಲುಗಳನ್ನು ಹೀಗೆ ಕಾಲಂಗಳಾಗಿ ತಿರುಗಿಸುವ ಪಿವಟ್ ಕಮಾಂಡ್ ಒಂದೇ ಸಾಲಿನದು. ತಲೆ ಕೆಡಿಸಿಕೊಳ್ಳಬೇಕಾದದ್ದು ಒಂದೇ ಚೌಕಕ್ಕೆ ಎರಡು ಅಂಕಿ ಬಂದು ನಿಂತಾಗ.

ಒಬ್ಬ ಸದಸ್ಯರು ಒಂದೇ ಬೆಳಗ್ಗೆ ಎರಡು ಕ್ಯಾನ್ ತಂದಿದ್ದಾರೆ ಎನ್ನಿ: 4 ಲೀಟರ್, ಫ್ಯಾಟ್ 4.0; ಇನ್ನೊಂದು 6 ಲೀಟರ್, ಫ್ಯಾಟ್ 3.5. ಪೈಥಾನ್‌ನಲ್ಲಿ ಪಟ್ಟಿಗಳ ಕೆಲಸಕ್ಕಿರುವ ಪಾಂಡಾಸ್ ಲೈಬ್ರರಿಯ ಪಿವಟ್ ಇಲ್ಲಿ ಎರರ್ ಕೊಟ್ಟು ನಿಲ್ಲುತ್ತದೆ, ಅದು ಒಳ್ಳೆಯದೇ. ಎರರ್ ಹೋಗಲಿ ಎಂದು ಅದರದೇ ಇನ್ನೊಂದು ಕಮಾಂಡ್ ಪಿವಟ್_ಟೇಬಲ್‌ಗೆ ಬದಲಾಯಿಸಿದರೆ ಎಲ್ಲ ಸರಿಹೋದಂತೆ ಕಾಣುತ್ತದೆ, ಆದರೆ ಲೀಟರ್ ಕಾಲಂನಲ್ಲಿ 10ರ ಬದಲು 5 ಬಂದಿರುತ್ತದೆ. ಏನೂ ಹೇಳದಿದ್ದರೆ ಅದು ಸರಾಸರಿ ತೆಗೆಯುತ್ತದೆ. ಲೀಟರ್‌ಗೆ ಸಮ್ (ಕೂಡು) ಎಂದು ಬಾಯಿಬಿಟ್ಟು ಹೇಳಬೇಕು.

ಫ್ಯಾಟ್‌ಗೆ ಸಮ್ಮೂ ಸಲ್ಲದು, ಬರೀ ಸರಾಸರಿಯೂ ಸಲ್ಲದು. ಸರಾಸರಿ 3.75 ಎನ್ನುತ್ತದೆ, ಪ್ರಮಾಣಕ್ಕೆ ತಕ್ಕ ಲೆಕ್ಕ (16 + 21) ÷ 10, ಅಂದರೆ 3.7. ಆದ್ದರಿಂದ ಉದ್ದ ಪಟ್ಟಿಯಲ್ಲೇ ಲೀಟರ್ × ಫ್ಯಾಟ್ ಎಂಬ ಕಾಲಂ ಮಾಡಿಕೊಂಡು, ಅದನ್ನೂ ಲೀಟರನ್ನೂ ಬೇರೆಬೇರೆಯಾಗಿ ಕೂಡಿಸಿ ಪಿವಟ್ ಮಾಡಿ, ಭಾಗಾಕಾರವನ್ನು ಕೊನೆಗೆ ಇಟ್ಟುಕೊಳ್ಳಿ. ಫ್ಯಾಟ್ ಮೇಲೆ ದರ ನಿಂತಿರುವಾಗ ಈ 0.05 ರೈತರ ದುಡ್ಡು.

ಎಕ್ಸೆಲ್‌ನ ಒಳಗೇ ದತ್ತಾಂಶ ತಿದ್ದುವ ಸಾಧನವಾದ ಪವರ್ ಕ್ವೆರಿಯಲ್ಲಿ ತೊಂದರೆ ಬೇರೆ ಬಗೆಯದು. ರಸೀದಿ ಸಂಖ್ಯೆಯ ಕಾಲಂ ತೆಗೆಯದೆ ಪಿವಟ್ ಮಾಡಿದರೆ ಸಾಲುಗಳು ಒಂದಾಗುವುದೇ ಇಲ್ಲ. ಒಂದು ಸಾಲಿನಲ್ಲಿ ಬೆಳಗ್ಗೆ ತುಂಬಿ ಸಂಜೆ ಖಾಲಿ, ಮುಂದಿನದರಲ್ಲಿ ತಿರುಗುಮುರುಗು. ಬೇಡದ ಕಾಲಂಗಳನ್ನು ಮೊದಲೇ ಅಳಿಸಿ. ಇನ್ನು ಎಕ್ಸೆಲ್‌ನ ಮಾಮೂಲಿ ಪಿವಟ್ ಟೇಬಲ್‌ನಲ್ಲಿ ಲೀಟರ್ ಜಾಗದಲ್ಲಿ 1, 2 ಎಂಬ ಅಂಕಿಗಳೇ ಕಂಡರೆ ಅದು ಕೂಡುತ್ತಿಲ್ಲ, ಎಣಿಸುತ್ತಿದೆ: ಯಾರೋ ಒಂದು ಕಡೆ “4.5 ಲೀ” ಎಂದು ಅಕ್ಷರ ಸೇರಿಸಿ ಟೈಪ್ ಮಾಡಿರುತ್ತಾರೆ.

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಪಿವಟ್ ಮಾಡುವ ಕ್ರಾಸ್‌ಟ್ಯಾಬ್ ಬಗ್ಗೆ ನನಗೆ ಸದಾ ಗುಮಾನಿ. ಒಂದೇ ಕ್ವೆರಿ ಕೊಡುವ ರೂಪದಲ್ಲಿ ಅದು ಸಿಕ್ಕ ಮೌಲ್ಯಗಳನ್ನು ಎಡದಿಂದ ತುಂಬುತ್ತ ಹೋಗುತ್ತದೆ. ಬೆಳಗ್ಗೆ ಹಾಲು ಹಾಕದವರ ಸಂಜೆ ಹಾಲು ಬೆಳಗಿನ ಕಾಲಂಗೆ ಬಂದು ಕೂರುತ್ತದೆ, ಎರರ್ ಬರುವುದಿಲ್ಲ. ಹೊತ್ತುಗಳ ಪಟ್ಟಿಯನ್ನು ಎರಡನೇ ಕ್ವೆರಿಯಾಗಿ ಕೊಟ್ಟರೆ ಇದು ತಪ್ಪುತ್ತದೆ. 9.4ನೇ ಆವೃತ್ತಿಯಿಂದ ಇರುವ ಫಿಲ್ಟರ್ (ಷರತ್ತಿಗೆ ಹೊಂದುವ ಸಾಲುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು) ಬಳಸಿ ಸದಸ್ಯ, ದಿನಾಂಕದ ಮೇಲೆ ಗ್ರೂಪ್ ಬೈ ಬರೆಯುವುದು ಇನ್ನೂ ನೇರ. ಮೈಎಸ್‌ಕ್ಯುಎಲ್ ಡೇಟಾಬೇಸ್ ಆದರೆ ಸಮ್ ಒಳಗೆ ಕೇಸ್ ವೆನ್ ಎಂಬ ಷರತ್ತು; ‘ಇಲ್ಲದಿದ್ದರೆ ಸೊನ್ನೆ’ ಎನ್ನುವ ಎಲ್ಸ್ 0 ಹಾಕಬೇಡಿ. ಹಾಲು ಹಾಕದ ದಿನ ಖಾಲಿ ಇರಬೇಕು. ಸೊನ್ನೆ ತುಂಬಿದರೆ ಮುಂದೆ ತೆಗೆಯುವ ಸರಾಸರಿಗಳೆಲ್ಲ ಕೆಳಗಿಳಿಯುತ್ತವೆ.

ಹೊತ್ತಿನ ಕಾಲಂನಲ್ಲಿ ಎಷ್ಟು ಬಗೆಯ ಬರಹವಿದೆ ಎಂದು ಪಿವಟ್‌ಗೆ ಮುಂಚೆ ಎಣಿಸಿ. ಎರಡೇ ಇರಬೇಕಾದಲ್ಲಿ ಬೆಳಗ್ಗೆ, ಬೆಳಿಗ್ಗೆ, ಸಂಜೆ, ಕೊನೆಗೊಂದು ಸ್ಪೇಸ್ ಅಂಟಿಸಿಕೊಂಡ ಸಂಜೆ ಎಂದು ನಾಲ್ಕು ಸಿಗುತ್ತವೆ. ಪ್ರತಿಯೊಂದಕ್ಕೂ ಒಂದೊಂದು ಕಾಲಂ ಹುಟ್ಟುತ್ತದೆ.

ಮುಗಿದ ಮೇಲೆ ಒಟ್ಟು ಲೀಟರ್ ತಾಳೆ ನೋಡಿ. ಅಡ್ಡ ಪಟ್ಟಿಯಲ್ಲಿ ಕಡಿಮೆ ಬಂದರೆ ಮೊದಲು ಸದಸ್ಯ ಸಂಖ್ಯೆ ಖಾಲಿಯಿರುವ ಸಾಲುಗಳನ್ನು ಹುಡುಕಿ: ಪಾಂಡಾಸ್‌ನ ಪಿವಟ್_ಟೇಬಲ್ ಅವನ್ನು ಸದ್ದಿಲ್ಲದೆ ಬಿಟ್ಟಿರುತ್ತದೆ. ದಿನಾಂಕಗಳನ್ನೇ ಕಾಲಂ ಮಾಡುವುದಿದ್ದರೆ ವರ್ಷ-ತಿಂಗಳು-ದಿನ ಕ್ರಮದಲ್ಲಿ ಬರೆಯಿರಿ, ತಿಂಗಳು ದಿನಗಳಿಗೆ ಎರಡೆರಡು ಅಂಕಿ ಇಟ್ಟು. ಇಲ್ಲವಾದರೆ ಕಾಲಂಗಳು ಅಕ್ಷರಕ್ರಮದಲ್ಲಿ ಜೋಡಿಸಿಕೊಂಡು 1ನೇ ತಾರೀಖಿನ ಪಕ್ಕದಲ್ಲಿ 10 ನಿಲ್ಲುತ್ತದೆ, 2 ಎಲ್ಲೋ ಹಿಂದೆ ಉಳಿಯುತ್ತದೆ.